ಕೇಳಿದರೆ ಮಾತ್ರ ಒತ್ತಿ

ಪ್ರೇಮಲಾ ಹನ್ನೆರಡು ವರ್ಷದಿಂದ ಮಾಡುತ್ತಿದ್ದ ಕೆಲಸ ಏನೆಂದು ತೆಲಂಗಾಣದ ಗಡಿಯ ತನ್ನೂರು ತಾಂಡೂರಿನಲ್ಲಿ ಯಾರಿಗೂ ಬಿಡಿಸಿ ಹೇಳಲಿಕ್ಕೆ ಅವಳಿಗೆ ಬಂದಿರಲಿಲ್ಲ. ಮಿದುಳಿನ ವಿಜ್ಞಾನಿ ಅಂದರೆ, "ಹಂಗಾರ ತಲಿನೋವಿಗೊಂದು ಗುಳಿಗಿ ಕೊಡು" ಅನ್ನುತ್ತಿದ್ದರು. ಕಿವಿಗೆ ಅರೆಬರೆ ಬಿದ್ದದ್ದನ್ನು ಮಿದುಳು 'ಇದು ಇದೇ' ಎಂದು ಹೇಗೆ ತೀರ್ಮಾನ ಮಾಡುತ್ತದೆ, ಮನಸ್ಸಿನ ಕಾಯಿಲೆಯವರಲ್ಲಿ ಆ ತೀರ್ಮಾನ ಎಲ್ಲಿ ದಾರಿ ಬದಲಿಸುತ್ತದೆ ಅನ್ನುವುದೇ ಅವಳ ಹುಡುಕಾಟ. ಹೈದರಾಬಾದಿನ ಪ್ರಯೋಗಾಲಯದಲ್ಲಿ ಅದಕ್ಕೆ ಉದ್ದುದ್ದ ಹೆಸರುಗಳಿದ್ದವು. ಬೀಜ ಬಿದ್ದದ್ದು ಮಾತ್ರ ಸೋದರತ್ತೆ ಕಾಂತಾಬಾಯಿಯ ಒಲೆಯ ಮುಂದೆ.

ಆಗ ಪ್ರೇಮಲಾಗೆ ಎಂಟು ವರ್ಷ. ರೊಟ್ಟಿ ಬಡಿಯುತ್ತಿದ್ದ ಅತ್ತೆ ಇದ್ದಕ್ಕಿದ್ದಂತೆ ಹಿಂದಿರುಗಿ "ಹಾಂ, ಬಂದೆ" ಅಂದಿದ್ದಳು. ಅಲ್ಲಿ ಹಿಟ್ಟಿನ ಡಬ್ಬಿ ಬಿಟ್ಟರೆ ಏನೂ ಇರಲಿಲ್ಲ.

"ಯಾರತ್ತಿ?"

"ನಂದೊಂದು ದನಿ ಅದ. ನಿಂಗ ಕೇಳ್ಸಂಗಿಲ್ಲ."

ಬೆನ್ನ ಮೇಲೊಂದು ಮಚ್ಚೆ ಇದೆ ಅನ್ನುವ ಹಾಗೆ ಹೇಳಿ ರೊಟ್ಟಿ ತಿರುವಿ ಹಾಕಿದ್ದಳು. ಮುಂದೆ ಆಸ್ಪತ್ರೆ ಬಂತು, ಮಾತ್ರೆ ಬಂದವು. ದನಿ ಸಣ್ಣದಾಯಿತು, ಹೋಗಲಿಲ್ಲ.

ಅತ್ತೆಯ ಕೆಲಸವೂ ಕಿವಿಯದ್ದೇ. ಶಾಂತಪ್ಪನ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷದಿಂದ ನೆಲಕ್ಕೆ ಹಾಸುವ ಫರಸಿ ಕಲ್ಲು ಬಡಿದು ನೋಡುತ್ತಿದ್ದಳು. ಸಣ್ಣ ಸುತ್ತಿಗೆಯಿಂದ ಮುಟ್ಟಿದರೆ ಒಳ್ಳೆಯ ಕಲ್ಲು 'ಠಣ್' ಅನ್ನುತ್ತದೆ. ಕಣ್ಣಿಗೆ ಕಾಣದ ಬಿರುಕಿದ್ದರೆ 'ದಬ್'. ಈ ಸಲ ಪ್ರೇಮಲಾ ಊರಿಗೆ ಬಂದಾಗ ಆ ಸುತ್ತಿಗೆ ಮನೆಯ ಗೂಡಿನಲ್ಲಿ ಕೂತಿತ್ತು.

"ಒಂದು ಲೋಡು ಒಡದು ವಾಪಸ್ ಬಂತಂತ," ಅತ್ತೆ ಹೇಳಿದಳು. "ಶಾಂತಪ್ಪಗ ಅನುಮಾನ. ನೀ ಯಾರ ದನಿ ಕೇಳಿ ಕಲ್ಲು ಪಾಸ್ ಮಾಡ್ತಿ ಬಾಯಿ, ಅಂದ. ನಿನ್ನ ಅಣ್ಣನ ಮಗಳಿಂದ ಕಿವಿ ಛಲೋ ಅದ ಅಂತ ಚೀಟಿ ತಾ, ಅಂದ."

"ನಾ ಚೀಟಿ ಕೊಡೋ ಡಾಕ್ಟರ್ ಅಲ್ಲತ್ತಿ."

"ಗೊತ್ತದ ಬಿಡು. ಆದ್ರ ಕೈ ಕಡಿತದ ನಂಗ, ಸುಮ್ನ ಕುಂತು."

ಆ ಕೈಯನ್ನು ನೋಡಲಾರದೆ ಪ್ರೇಮಲಾ ಲ್ಯಾಪ್‌ಟಾಪು ತೆಗೆದಳು. ಅಧ್ಯಯನದ ಲೆಕ್ಕಕ್ಕಲ್ಲ, ಸುಮ್ಮನೆ. ಮರುವಾರ ತಾಂಡೂರಿನಲ್ಲೇ ಅವಳ ಶಿಬಿರ ಶುರುವಾಗುವುದಿತ್ತು. ಜಹೀರಾಬಾದು, ನಾರಾಯಣಖೇಡದಲ್ಲಿ ಇಂಥದೇ ಕಾಯಿಲೆಯ ನಲವತ್ತು ಮಂದಿಯ ಪರೀಕ್ಷೆ ಮುಗಿದಿತ್ತು. ಅತ್ತೆಯ ತಲೆಗೆ ಹೆಡ್‌ಫೋನು ಏರಿಸಿದಳು. ತಗಡಿನ ಮೇಲೆ ತೊಗರಿ ಸುರಿದಂಥ ಸದ್ದು ನೂರಿಪ್ಪತ್ತು ಸಲ ಬರುತ್ತದೆ. ಅರವತ್ತು ಸಲ ಅದರೊಳಗೆ ಒಂದು ಪದ ಅಡಗಿರುತ್ತದೆ: ಮಳೆ, ಹಾಲು, ಕಲ್ಲು ಇಂಥ ಹತ್ತು ಪದ, ತಲಾ ಆರು ಸಲ. ಉಳಿದ ಅರವತ್ತು ಬರೀ ಸದ್ದು. ಬೆಂಗಳೂರಿನಲ್ಲಿ ಮುದ್ರಿಸಿದ ಹೆಂಗಸಿನ ದನಿ ಮೊದಲಿಗೇ ಸೂಚನೆ ಕೊಟ್ಟಿತು: "ಧ್ವನಿ ಕೇಳಿದರೆ ಮಾತ್ರ ಗುಂಡಿ ಒತ್ತಿ."

ಇಲ್ಲದ ಪದವನ್ನೂ ಇದೆ ಅಂದುಕೊಂಡು ಅತ್ತೆ ಬೇಕಾದಷ್ಟು ಸಲ ಒತ್ತುತ್ತಾಳೆ ಅಂತ ಪ್ರೇಮಲಾ ಎಣಿಸಿದ್ದಳು. ಅವಳು ಓದಿದ್ದೆಲ್ಲ ಅದನ್ನೇ ಹೇಳುತ್ತಿತ್ತು. ಅತ್ತೆ ಕಣ್ಣು ಮುಚ್ಚಿ, ನೆಟ್ಟಗೆ ಕೂತು, ಅರ್ಧ ತಾಸಿನಲ್ಲಿ ಒತ್ತಿದ್ದು ಆರೇ ಸಲ.

ಪ್ರೇಮಲಾ ಹೆಡ್‌ಫೋನು ಬಿಚ್ಚಿಟ್ಟಳು. ಹಾಗಾದರೆ ಶಾಂತಪ್ಪ ಹೇಳಿದ್ದೇ ಖರೆ. ಕಿವಿ ಹೋಗಿದೆ. ನಾರಾಯಣಖೇಡದಲ್ಲೂ ಎಷ್ಟೋ ಜನ ಹೀಗೇ ಒತ್ತದೆ ಕೂತಿದ್ದರು. 'ಮಾತ್ರೆಯ ಮಂಪರು' ಎಂದು ಅವಳು ಟಿಪ್ಪಣಿ ಬರೆದಿದ್ದಳು. ಅತ್ತೆಗೆ ಹೇಗೆ ಹೇಳುವುದೆಂದು ತಿಳಿಯಲಿಲ್ಲ. ಯಾವ ಆರು ಸಲ ಎಂದು ಸುಮ್ಮನೆ ತೆರೆದು ನೋಡಿದಳು. ಇನ್ನೊಮ್ಮೆ ನೋಡಿದಳು. ಆರೂ ಒಂದೇ ಪದ. 'ಯಾರು'. ಪ್ರೇಮಲಾಗೇ ಕೇಳಿಸದಷ್ಟು ಸಣ್ಣಗೆ ಹುಗಿದಿಟ್ಟದ್ದನ್ನೂ ಅತ್ತೆ ಬಿಟ್ಟಿರಲಿಲ್ಲ. ಬರೀ ಸದ್ದಿಗೆ ಒಮ್ಮೆಯೂ ಒತ್ತಿರಲಿಲ್ಲ.

"ಅತ್ತಿ, ಮಳಿ ಅಂತ ಬಂದಿಲ್ಲೇನು ಒಳಗ?"

"ಬಂತಲ್ಲ. ಹಾಲು ಬಂತು, ಕಲ್ಲು ಬಂತು."

"ಮತ್ತ ಗುಂಡಿ ಯಾಕ ಒತ್ತಿಲ್ಲ?"

ಅತ್ತೆ ಅವಳನ್ನು ಪಾಪ ಅನ್ನುವ ಹಾಗೆ ನೋಡಿದಳು. "ಕೇಳಿದ್ರ ಮಾತ್ರ ಒತ್ತು ಅಂದ್ಲಲ್ಲ ಆಕಿ! ಮಳಿ ಅಂದ್ರ ಅದು ಏನು ಕೇಳ್ದಂಗಾತು? ಹಾಲು ಅಂದ್ರ ಏನು ಕೇಳ್ದಂಗಾತು? ಯಾರು ಅಂದಾಗಷ್ಟೇ ಕೇಳ್ತು. ಒತ್ತಿದೆ."

ಪ್ರೇಮಲಾ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಈ ಕಡೆ ದನಿ 'ಕೇಳಿಸ್ತದ'. 'ಕೇಳಿತು' ಅಂದರೆ ಪ್ರಶ್ನೆ ಹಾಕಿತು ಅಂತಲೇ ಅತ್ತೆಗೆ ಹೊಳೆದಿತ್ತು. ಈ ಮಾತಿನಲ್ಲೇ ಬೆಳೆದ ತಾನು ಬೆಂಗಳೂರಿನ ಆ ವಾಕ್ಯಕ್ಕೆ ಸುಮ್ಮನೆ ತಲೆಯಾಡಿಸಿ ಒಪ್ಪಿದ್ದಳು! ದನಿ ಕೇಳಿಸುವವರನ್ನು ಆ ದನಿ ಏನಾದರೂ ಕೇಳುತ್ತದೆ ಅನ್ನುವುದು ಎಷ್ಟು ಸಹಜ. ಜಹೀರಾಬಾದೂ ಹೋಯಿತು, ಖೇಡವೂ ಹೋಯಿತು. ನಲವತ್ತೂ ಮಂದಿಯನ್ನು ಮತ್ತೆ ಕೂರಿಸಬೇಕು. ಆದರೂ ಅವಳಿಗೆ ನಗು ಬಂತು, ನಗುವಿನ ಹಿಂದೆಯೇ ಕಣ್ಣೀರು.

"ಯಾಕ, ಫೇಲಾದ್ನೇನು ನಾ?"

"ಇಲ್ಲತ್ತಿ. ನಾನಾದೆ." ಹನ್ನೆರಡು ವರ್ಷದಲ್ಲಿ ಯಾರಿಗೂ ಹಾಕದ ಪ್ರಶ್ನೆಯನ್ನು ಅವಳು ಆಗ ಹಾಕಿದಳು. "ನಿನ್ನ ದನಿ ನಿಂಗ ಏನು ಕೇಳ್ತದ?"

"ಏನಿಲ್ಲ. ಉಂಡಿಯೇನು, ಬಾಗಿಲಾ ಹಾಕಿಯೇನು... ಸದಾ ಕೇಳೋದೇ ಅದರದು. ಕಲ್ಲು ಹಂಗಲ್ಲ, ಕಲ್ಲು ಹೇಳ್ತದ. ಎರಡೂ ಬ್ಯಾರೆ ಅಂತ ನಂಗ ತಿಳಿಯಲ್ಲೇನು?"

ಮರುದಿನ ಬೆಳಿಗ್ಗೆ ಸುತ್ತಿಗೆ ಹಿಡಿದು ಇಬ್ಬರೂ ಕಾರ್ಖಾನೆಗೆ ಹೋದರು. ಶಾಂತಪ್ಪ ಮೂಗಿನ ಮೇಲಿನ ಕಲ್ಲುಪುಡಿ ಒರೆಸಿಕೊಂಡು ಎದ್ದ.

"ಚೀಟಿ ತಂದಿರೇನ್ರಿ, ಡಾಕ್ಟರಮ್ಮ?"

"ಇಲ್ರಿ. ನಾ ಕೊಟ್ರ ಅದು ಸುಳ್ಳು ಚೀಟಿ ಆಗ್ತದ. ನೀವೇ ನಿಂತು ನೋಡ್ರಿ."

ಗೋಡೆಗೆ ಒರಗಿಸಿದ್ದ ಸಾಲಿನ ಮುಂದೆ ಅತ್ತೆ ಕುಕ್ಕರಗಾಲಿನಲ್ಲಿ ಕೂತಳು. ಠಣ್. ಠಣ್. ಠಣ್. ನಾಲ್ಕನೆಯದು ದಬ್. ಅದಕ್ಕೆ ಸುಣ್ಣದ ಕಡ್ಡಿಯಿಂದ ಅಡ್ಡಗೆರೆ ಎಳೆದಳು. ಆರನೆಯದನ್ನು ಬಡಿಯುವ ಮೊದಲು ಕೈ ನಿಂತಿತು. ಹೆಗಲ ಹಿಂದಕ್ಕೆ ತಿರುಗಿ, "ಉಣ್ತೀನಿ, ತಡಿ" ಅಂದಳು. ಶಾಂತಪ್ಪನ ಮುಖ ಸಣ್ಣದಾಯಿತು. ಅತ್ತೆ ಮತ್ತೆ ಕಲ್ಲಿನ ಕಡೆ ತಿರುಗಿ ಬಡಿದಳು. ಠಣ್. "ಇದು ಛಲೋ ಅದ."

ಶಾಂತಪ್ಪ ಒಬ್ಬ ಆಳನ್ನು ಕರೆದು ನಾಲ್ಕನೆಯ ಕಲ್ಲಿನ ಇನ್ನೊಂದು ತುದಿ ಹಿಡಿದ. ಮೊಣಕಾಲ ಮಟ್ಟಕ್ಕೆ ಏರುವಷ್ಟರಲ್ಲಿ ಕಲ್ಲು ನಡು ಮುರಿದು, ಇಬ್ಬರ ಕೈಯಲ್ಲೂ ಒಂದೊಂದು ತುಂಡು ಉಳಿಯಿತು. ಆರನೆಯದನ್ನೂ ಎತ್ತಿದರು. ಗಟ್ಟಿಯಾಗಿತ್ತು.

ಶಾಂತಪ್ಪ ಕೈ ಝಾಡಿಸಿಕೊಂಡ. "ಒಡದ ಲೋಡು ಹಾದ್ಯಾಗೇ ಒಡದಿರಬೇಕು ಬಿಡ್ರಿ," ಅಂದ. ಆಮೇಲೆ, "ಹತ್ತಕ್ಕ ಲಾರಿ ಬರ್ತದ. ಕೆಲಸಕ್ಕ ನಿಲ್ತೀ ಏನು, ಬಾಯಿ?"

ಕಾಂತಾಬಾಯಿ ಪ್ರೇಮಲಾಳ ಕಡೆ ವಾಲಿ ಪಿಸುಗುಟ್ಟಿದಳು. "ಇದು ಶಾಂತಪ್ಪ ಕೇಳಿದ್ದೋ, ನನ್ನ ದನಿ ಕೇಳಿದ್ದೋ?"

"ಶಾಂತಪ್ಪನೇ ಅತ್ತಿ. ನಂಗೂ ಕೇಳಿಸ್ತು."

"ಕೇಳ್ಯಾನಂದ್ರ ಆತು," ಅಂದಳು ಅತ್ತೆ, ಸೆರಗು ಬಿಗಿದುಕೊಳ್ಳುತ್ತ. "ಒತ್ತು ಗುಂಡಿ."