ಬೆಳಗಿನ ಬಿಳಿ ಔಷಧ

ತಂಗಿ ತನ್ನದೇ ಕಥೆ ಹೇಳುತ್ತಾ ಹೇಳುತ್ತಾ ನಡುವೆ ತೂಕಡಿಸಿಬಿಟ್ಟಳು. ಅಕ್ಕನ ತಲೆಯಲ್ಲಿ ಹುಳ ಹೊಕ್ಕಿದ್ದು ಆಗಲೇ.

ಬೇರೆ ಯಾರಾದರೂ ಆಗಿದ್ದರೆ ಸುಸ್ತು ಅಂದುಕೊಂಡು ಸುಮ್ಮನಾಗಬಹುದಿತ್ತು. ಆದರೆ ಈ ತಂಗಿಯ ಬಾಯಿ ಮುಚ್ಚಿಸುವುದು ಹೆತ್ತಪ್ಪನಿಂದಲೂ ಆಗಿರಲಿಲ್ಲ. ಬೀದಿ ಮೂಲೆಯಲ್ಲಿ ಹೆಂಗಸರ ಪಾರ್ಲರ್ ಇಟ್ಟುಕೊಂಡಿದ್ದವಳು. ಕತ್ತರಿ ಎಷ್ಟು ಚುರುಕೋ ನಾಲಿಗೆ ಅದಕ್ಕಿಂತ ಚುರುಕು. ಕುರ್ಚಿಯಲ್ಲಿ ಕೂತವರು ತಲೆಯ ಭಾರ ಇಳಿಸಿಕೊಂಡು, ಕಿವಿ ತುಂಬಾ ಸುದ್ದಿ ತುಂಬಿಕೊಂಡು ಹೋಗುತ್ತಿದ್ದರು. ಅಂಥವಳು ಈಗ ಆ ಸೆಕೆಯಲ್ಲೂ ಸ್ವೆಟರ್ ಹಾಕಿಕೊಂಡು, ಸೋಫಾದ ಮೂಲೆಗೆ ಒರಗಿ, ಬಾಯಿ ತೆರೆದುಕೊಂಡು ನಿದ್ದೆ ಹೋಗಿದ್ದಳು. ಮುಖ ಊದಿತ್ತು. ಬಾಚಣಿಗೆಗೆ ಸಿಗದಷ್ಟಿದ್ದ ಕೂದಲು ತೆಳ್ಳಗಾಗಿ ಬೈತಲೆ ಅಗಲವಾಗಿತ್ತು.

"ಪುಟ್ಟಿ, ಏಯ್ ಪುಟ್ಟಿ, ಏನಾಗಿದೆ ನಿಂಗೆ?"

ತಂಗಿ ಕಣ್ಣುಬಿಟ್ಟು ನಾಚಿಕೊಂಡಳು. "ಏನಿಲ್ಲ ಕಣೇ. ಯಾಕೋ ಮೈಯೆಲ್ಲಾ ಭಾರ. ಮೊನ್ನೆ ಒಬ್ಬರ ಕಿವಿಗೆ ಕತ್ತರಿ ತಾಗಿಸಿಬಿಟ್ಟೆ. ಇವ್ರು ಅಂತಾರೆ, ಪಾರ್ಲರ್ ಯಾರಿಗಾದ್ರೂ ಬಾಡಿಗೆಗೆ ಕೊಟ್ಟು ಆರಾಮಾಗಿರು ಅಂತ."

'ಇವ್ರು' ಅಂದರೆ ಅವಳ ಗಂಡ. ಮದುವೆಯಾಗಿ ವರ್ಷ ತುಂಬುತ್ತಾ ಬಂದಿತ್ತು. ದೊಡ್ಡ ಕಟ್ಟಡಗಳ ಲಿಫ್ಟ್ ರಿಪೇರಿ ಮಾಡುವವನು. ಕೇಳಿದ್ದಕ್ಕೆ ಒಂದು ಮಾತು, ಕೇಳದಿದ್ದರೆ ಅದೂ ಇಲ್ಲ. ಅಕ್ಕ ಮೊದಲ ದಿನವೇ ಅವನಿಗೆ ಗುಮ್ಮ ಎಂದು ಹೆಸರಿಟ್ಟಿದ್ದಳು. ಪಾರ್ಲರ್ ತಂಗಿಯ ಹೆಸರಿನಲ್ಲಿತ್ತು, ಮನೆಯೂ ಅವಳದೇ. ಬಾಡಿಗೆಗೆ ಕೊಡುವ ಮಾತು ಗುಮ್ಮನ ಬಾಯಿಂದ ಬಂದಿದೆ ಎಂದ ಕೂಡಲೇ ಅಕ್ಕನಿಗೆ ಕುಡಿಯುತ್ತಿದ್ದ ನೀರು ನೆತ್ತಿಗೇರಿತು.

ಅಕ್ಕನ ಹೊಟ್ಟೆಪಾಡೇ ಅನುಮಾನ. ರೈಲಿನಲ್ಲಿ ಟಿಕೆಟ್ ತಪಾಸಣೆಯ ಕೆಲಸ. ಬೋಗಿಯೊಳಗೆ ಕಾಲಿಟ್ಟರೆ ಸಾಕು, ಯಾರು ನಿದ್ದೆ ನಟಿಸುತ್ತಿದ್ದಾರೆ, ಯಾರು ಇದ್ದಕ್ಕಿದ್ದಂತೆ ಕಿಟಕಿಯಾಚೆಯ ಗದ್ದೆ ಮೆಚ್ಚುತ್ತಿದ್ದಾರೆ, ಎಲ್ಲ ಗೊತ್ತಾಗುತ್ತಿತ್ತು. ತಾಯಿ ತೀರಿಕೊಂಡ ಮೇಲೆ ತಂಗಿಯನ್ನು ಸಾಕಿದವಳು ಅವಳೇ. ಅವಳ ಥೈರಾಯ್ಡ್ ಮಾತ್ರೆಯನ್ನು ದಿನಾ ಬೆಳಿಗ್ಗೆ ಬರಿ ಹೊಟ್ಟೆಗೆ ನೀರಿನ ಜೊತೆ ನುಂಗಿಸಿ, ಆಮೇಲೆ ತಿಂಡಿ ಕೊಡುತ್ತಿದ್ದವಳೂ ಅವಳೇ. ಆಗ ತಂಗಿ ಗುಂಡುಕಲ್ಲಿನ ಹಾಗಿದ್ದಳು. ಕೆಟ್ಟದ್ದು ಮದುವೆಯಾದ ಮೇಲೆ.

ಆ ರಾತ್ರಿ ಅಕ್ಕ ಅಲ್ಲೇ ಉಳಿದಳು. ಬೆಳಗಾಗುತ್ತಿದ್ದ ಹಾಗೆ ಅಡುಗೆಮನೆಯಲ್ಲಿ ಸಪ್ಪಳ ಕೇಳಿ ಎದ್ದು ಬಾಗಿಲ ಸಂದಿಯಲ್ಲಿ ನಿಂತಳು. ಕೆಲಸದ ಅಂಗಿ ತೊಟ್ಟು, ಪಕ್ಕದಲ್ಲಿ ಸ್ಪ್ಯಾನರ್ ಚೀಲ ಇಟ್ಟುಕೊಂಡು ಗುಮ್ಮ ನಿಂತಿದ್ದ. ಕಪಾಟಿನ ಮೇಲಿನ ಅರೆಯಲ್ಲಿ, ಹಿಟ್ಟಿನ ಡಬ್ಬಿಯ ಹಿಂದೆ ಕೈ ಹಾಕಿ ಒಂದು ಬಾಟಲಿ ತೆಗೆದ. ಮುಚ್ಚಳಕ್ಕೆ ಬಿಳಿಯ ಗಟ್ಟಿ ದ್ರವ ಬಗ್ಗಿಸಿದ. ನಿದ್ದೆಗಣ್ಣಿನ ತಂಗಿಯ ಅಂಗೈಗೆ ಮಾತ್ರೆ ಹಾಕಿ, ಬಿಳಿಯದನ್ನೂ ಕುಡಿಸಿ, ನುಂಗುವ ತನಕ ಅವಳ ಗಂಟಲನ್ನೇ ನೋಡುತ್ತಾ ನಿಂತ. ಬಳಿಕ ಬಾಟಲಿಯ ಹೊರಮೈಯನ್ನು ನಲ್ಲಿಯ ಕೆಳಗೆ ಚೆನ್ನಾಗಿ ತಿಕ್ಕಿ ತೊಳೆದು, ಒರೆಸಿ, ಮತ್ತೆ ಡಬ್ಬಿಯ ಹಿಂದಕ್ಕೆ ತಳ್ಳಿದ.

ತಿರುಗಿದಾಗ ಅಕ್ಕ ಕಣ್ಣಿಗೆ ಬಿದ್ದಳು. ಬೆಚ್ಚಿದ.

"ಏನದು?" ಅಂದಳು ಅಕ್ಕ.

"ಎದೆ ಉರಿಗೆ."

"ಡಾಕ್ಟ್ರು ಕೊಟ್ಟಿದ್ದಾ?"

"ಇಲ್ಲ. ಅಂಗಡೀಲೇ ಸಿಗತ್ತೆ."

"ಹೆಸರೇನು ಅದರದ್ದು?"

ಅವನು ಬಾಟಲಿ ತೆಗೆದು ಆ ಕಡೆ ಈ ಕಡೆ ತಿರುಗಿಸಿದ. ಲೇಬಲ್ ಇರಲಿಲ್ಲ. ಅಂಟಿನ ಗುರುತೂ ಇರಲಿಲ್ಲ. "ತೊಳೆದೂ ತೊಳೆದೂ ಕಿತ್ತೋಗಿದೆ ಅಕ್ಕ," ಎಂದು ಚೀಲ ಹೆಗಲಿಗೇರಿಸಿ ಹೊರಟೇಬಿಟ್ಟ.

ಔಷಧದ ಬಾಟಲಿಯನ್ನು ದಿನಾ ತೊಳೆಯುವವರನ್ನು ಅಕ್ಕ ಹುಟ್ಟಿದಾಗಿನಿಂದ ನೋಡಿರಲಿಲ್ಲ. ಗುರುತು ಅಳಿಸಬೇಕಾದವರು ತಾನೆ ತೊಳೆಯುವುದು?

ತಿಂಡಿ ತಿನ್ನುವಾಗ ತಂಗಿಯನ್ನು ಮೆಲ್ಲಗೆ ಕೆದಕಿದಳು. ಕೈ ಎತ್ತಿ ಎತ್ತಿ ಭುಜ ನೋಯುತ್ತಿತ್ತಂತೆ. ಅದಕ್ಕೆ ನೋವಿನ ಮಾತ್ರೆ ನುಂಗುತ್ತಿದ್ದಳಂತೆ. ಆಮೇಲೆ ಎದೆ ಉರಿ, ಹುಳಿತೇಗು. ಆಗ ಅವನೇ ಈ ಔಷಧ ತಂದನಂತೆ.

"ಎಷ್ಟು ಕಾಲದಿಂದ ಕುಡೀತಿದೀಯ?"

"ಅಯ್ಯೋ, ಮದುವೆಯಾದ ಸ್ವಲ್ಪ ದಿನದಿಂದ. ದಿನಾ ಬೆಳಿಗ್ಗೆ ಅವ್ರೇ ಕೊಡ್ತಾರೆ. ನಾನು ಮರೆತುಬಿಡ್ತೀನಲ್ಲ."

"ಅದು ಕುಡಿಯೋಕೆ ಮುಂಚೆ ಈ ನಿದ್ದೆ ಇತ್ತಾ?"

ತಂಗಿ ಲೋಟ ಕೆಳಗಿಟ್ಟಳು. "ಏನು ಹೇಳೋಕೆ ಹೊರಟಿದೀಯ?"

"ಹೇಳೋದೇನು, ಕಣ್ಣಿಗೆ ಕಾಣ್ತಿಲ್ವಾ? ಅವನು ಅದಕ್ಕೆ ಏನೋ ಬೆರೆಸ್ತಿದಾನೆ. ನೀನು ಹೀಗೆ ತೂಕಡಿಸ್ತಾ ಇದ್ರೆ ಅಂಗಡಿ, ಮನೆ ಎಲ್ಲ ಅವನ ಕೈಗೆ…"

ಮಾತು ಅಲ್ಲಿಗೇ ನಿಂತಿತು. ಮರೆತ ಟಾರ್ಚ್ ತೆಗೆದುಕೊಳ್ಳಲು ಹಿಂದಿರುಗಿದ್ದ ಗುಮ್ಮ ಹೊಸ್ತಿಲಲ್ಲಿ ನಿಂತಿದ್ದ. ಎಷ್ಟು ಕೇಳಿಸಿಕೊಂಡಿದ್ದನೋ, ಮುಖದ ಬಣ್ಣ ಇಳಿದುಹೋಗಿತ್ತು. ಅವನು ಏನೂ ಅನ್ನಲಿಲ್ಲ. ಟಾರ್ಚ್ ತೆಗೆದುಕೊಂಡು ಹೋದ. ತಪ್ಪು ಮಾಡದವನು ಕೂಗಾಡುತ್ತಿರಲಿಲ್ಲವೇ ಎಂದುಕೊಂಡಳು ಅಕ್ಕ.

ಕೂಗಾಡಿದ್ದು ತಂಗಿ. ಅಷ್ಟು ದಿನದಿಂದ ಎಲ್ಲಿ ಅಡಗಿತ್ತೋ ಆ ದನಿ! "ಎದ್ದು ಹೋಗು. ಅವ್ರ ಬಗ್ಗೆ ಇನ್ನೊಂದು ಮಾತಾಡಿದ್ರೆ ಈ ಮನೆ ಮೆಟ್ಟಿಲು ಹತ್ತಬೇಡ."

ಅಕ್ಕ ಎದ್ದಳು. ಹೋಗುವ ಮುಂಚೆ ತಂಗಿ ಬಚ್ಚಲಿಗೆ ಹೋದದ್ದೇ ತಡ, ಡಬ್ಬಿಯ ಹಿಂದಿನ ಬಾಟಲಿ ಅವಳ ಕೈಚೀಲ ಸೇರಿತು.

ನಿಲ್ದಾಣದ ಎದುರಿನ ಔಷಧದ ಅಂಗಡಿಯವಳು ಅಕ್ಕನಿಗೆ ಮುಖಪರಿಚಯದವಳು. ಅಕ್ಕ ಬಾಟಲಿಯನ್ನು ಕೌಂಟರಿನ ಮೇಲಿಟ್ಟು ದನಿ ತಗ್ಗಿಸಿ ಕೇಳಿದಳು: "ಇದರಲ್ಲಿ ಏನು ಬೆರೆಸಿದಾರೆ ಹೇಳ್ತೀರಾ?"

ಅಂಗಡಿಯವಳು ಕನ್ನಡಕ ಏರಿಸಿಕೊಂಡು ಮುಚ್ಚಳದ ಮೇಲಿನ ಉಬ್ಬಿದ ಅಕ್ಷರ ಓದಿದಳು, ಮೂಸಿದಳು. ಹಿಂದಿನ ಕಪಾಟಿನಿಂದ ಅಂಥದೇ ಬಾಟಲಿ ತಂದು ಪಕ್ಕಕ್ಕಿಟ್ಟಳು. ಅದೇ ಆಕಾರ, ಅದೇ ಮುಚ್ಚಳ, ಅದೇ ಪುದೀನದ ವಾಸನೆ. "ಪರೀಕ್ಷೆ ಮಾಡದೆ ಖಾತ್ರಿ ಹೇಳೋಕಾಗಲ್ಲಮ್ಮ. ಆದ್ರೆ ನೋಡಿದ್ರೆ ಇದು ಮಾಮೂಲಿ ಎದೆ ಉರಿ ಔಷಧ. ಹೊಟ್ಟೆ ಆಮ್ಲ ತಗ್ಗಿಸತ್ತೆ ಅಷ್ಟೆ. ನಿದ್ದೆ ಬರಿಸಲ್ಲ."

ಅಕ್ಕನಿಗೆ ನಿರಾಸೆಯಾಯಿತು. ನಿರಾಸೆಯಾದದ್ದು ತನಗೇ ಗೊತ್ತಾಗಿ ಬಾಟಲಿಯಿಂದ ಕೈ ಹಿಂದಕ್ಕೆಳೆದುಕೊಂಡಳು. ಹಾಗಾದರೆ ತಂಗಿಗೆ ವಿಷ ಹಾಕಿರಲಿ ಎಂದು ತಾನು ಆಸೆಪಟ್ಟಿದ್ದೆನೇ?

"ಯಾರಿಗೆ ಇದು?" ಅಂಗಡಿಯವಳು ಕೇಳಿದಳು. "ಬೇರೆ ಏನಾದ್ರೂ ಮಾತ್ರೆ ತಗೋತಾರಾ?"

"ತಂಗಿಗೆ. ಥೈರಾಯ್ಡ್ ಮಾತ್ರೆ ಇದೆ, ಅದು ಎಷ್ಟೋ ವರ್ಷದಿಂದ. ಅದರದ್ದೇನಿಲ್ಲ."

"ಯಾವಾಗ ತಗೋತಾರೆ?"

"ಬೆಳಿಗ್ಗೆ. ಇದರ ಜೊತೆಗೇ, ಒಂದೇ ಗುಟುಕಿಗೆ."

ಅಂಗಡಿಯವಳು ಬಾಟಲಿಗಳನ್ನು ಬದಿಗೆ ಸರಿಸಿದಳು. "ಜೊತೆಗೇನಾ? ದಿನಾನಾ?" ಎಂದು, ಅಕ್ಕ ಹೇಳದೆ ಇದ್ದದ್ದನ್ನೆಲ್ಲ ಕೇಳತೊಡಗಿದಳು. "ತುಂಬಾ ಚಳಿ ಚಳಿ ಅಂತಾರಾ? ಮುಖ ಊದಿದೆಯಾ? ಕೂದಲು ಉದುರ್ತಿದೆಯಾ?"

ಅಕ್ಕ ಕೌಂಟರಿನ ಮೇಲೆ ಬಾಗಿದಳು. "ನಿಮಗೆ ಹೇಗೆ ಗೊತ್ತು?"

"ಈ ಬಿಳಿ ಔಷಧ ಹೊಟ್ಟೇಲಿ ಆ ಮಾತ್ರೇನ ಹಿಡ್ಕೊಂಡುಬಿಡತ್ತೆ. ಮೈಗೆ ಹತ್ತೋಕೆ ಬಿಡಲ್ಲ. ನುಂಗಿದ ಲೆಕ್ಕ ಇರತ್ತೆ, ಒಳಗೆ ಸೇರಿರೋದು ಅರೆಬರೆ. ಎರಡರ ನಡುವೆ ಕಡೇಪಕ್ಷ ನಾಲ್ಕು ಗಂಟೆ ಬಿಡಬೇಕು. ಇದು ನನ್ನ ಊಹೆ ಅಷ್ಟೆ, ರಕ್ತ ಪರೀಕ್ಷೆ ಆಗಲೇಬೇಕು. ಇವತ್ತೇ ಡಾಕ್ಟ್ರ ಹತ್ರ ಕರ್ಕೊಂಡು ಹೋಗಿ. ಥೈರಾಯ್ಡ್ ಮಾತ್ರೆ ಮಾತ್ರ ನಿಲ್ಲಿಸಬೇಡಿ."

ಅಕ್ಕ ಆ ದಿನ ಕೆಲಸಕ್ಕೆ ಹೋಗಲಿಲ್ಲ. ಮತ್ತೆ ಅದೇ ಮೆಟ್ಟಿಲು ಹತ್ತಿದಾಗ ಬಾಗಿಲು ತೆಗೆದದ್ದು ಗುಮ್ಮ. ಅವನೂ ಕೆಲಸ ಅರ್ಧಕ್ಕೇ ಬಿಟ್ಟು ವಾಪಸ್ಸು ಬಂದಿದ್ದ. ಅಡುಗೆಮನೆಯ ಡಬ್ಬಿಗಳೆಲ್ಲ ಕೆಳಗಿದ್ದವು. ಕಾಣೆಯಾದ ಬಾಟಲಿ ಹುಡುಕುತ್ತಿದ್ದಿರಬೇಕು. ಅಕ್ಕ ನಿಂತಲ್ಲೇ ಎಲ್ಲ ಹೇಳಿದಳು. ಹೇಳುವಾಗಲೂ ಅವನ ಮುಖದಿಂದ ಕಣ್ಣು ಕೀಳಲಿಲ್ಲ. ಸಿಕ್ಕಿಬಿದ್ದವನ ಮುಖ ಹೇಗಿರುತ್ತದೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಅವನ ಮುಖ ಹಾಗಿರಲಿಲ್ಲ. ಅವನು ಅಲ್ಲೇ ನೆಲಕ್ಕೆ ಕೂತುಬಿಟ್ಟ.

"ಅವಳು ಒಂದು ತಗೊಂಡ್ರೆ ಇನ್ನೊಂದು ಮರೀತಾಳೆ ಅಂತ ನಾನೇ ಜೊತೆ ಮಾಡಿದ್ದು. ಬಾಟಲಿ ಅಂಟಂಟಾಗಿ ಇರುವೆ ಬರ್ತಿತ್ತು, ಅದಕ್ಕೆ ತೊಳೆದು ಮೇಲೆ ಡಬ್ಬಿ ಹಿಂದೆ ಇಡ್ತಿದ್ದೆ." ಅವನು ಕೈ ಎರಡನ್ನೂ ತಿರುಗಿಸಿ ನೋಡಿಕೊಂಡ. "ಹಾಗಾದ್ರೆ ನೀವು ಹೇಳಿದ್ದು ನಿಜಾನೇ ಆಯ್ತಲ್ಲ ಅಕ್ಕ. ನಾನೇ ಕೈಯಾರೆ."

ಅಕ್ಕ ಕೈಚೀಲದಿಂದ ಬಾಟಲಿ ತೆಗೆದು ನೆಲದ ಮೇಲಿಟ್ಟಳು. ಒಳಗಿನಿಂದ ಬಂದ ತಂಗಿ ಗಂಡನ ಪಕ್ಕ ಕೂತು ಅಕ್ಕನನ್ನು ದುರುಗುಟ್ಟಿ ನೋಡಿದಳು.

ಡಾಕ್ಟರ್ ವಯಸ್ಸಾದವರು, ಸಾವಧಾನದವರು. ಮೂವರನ್ನೂ ಕೂರಿಸಿಕೊಂಡು ತಂಗಿಯನ್ನು ಒಂದೊಂದಾಗಿ ಕೇಳಿದರು: ನುಂಗುವಾಗ ಅನ್ನ ಎದೆಯಲ್ಲಿ ಸಿಕ್ಕಿಕೊಳ್ಳುತ್ತದೆಯೇ, ಮಲ ಕಪ್ಪಗೆ ಹೋಗುತ್ತದೆಯೇ, ರಕ್ತ ವಾಂತಿಯಾಗಿದೆಯೇ, ಕಾರಣವಿಲ್ಲದೆ ತೂಕ ಇಳಿದಿದೆಯೇ. ಯಾವುದೂ ಇರಲಿಲ್ಲ. "ಸದ್ಯ," ಅಂದರು. "ಇವುಗಳಲ್ಲಿ ಒಂದಿದ್ರೂ ಮನೇಲಿ ಔಷಧ ಕುಡೀತಾ ಕೂರೋ ಹಾಗಿಲ್ಲ. ಇಲ್ಲದಿದ್ರೂ, ಎದೆ ಉರಿ ಎರಡು ವಾರ ದಾಟಿದ್ರೆ ಒಂದು ಸಲ ತೋರಿಸಬೇಕು ತಾನೆ? ನೋವಿನ ಮಾತ್ರೇನೇ ಹೊಟ್ಟೆ ಕೆಡಿಸಿರಬೇಕು. ಮೊದಲು ಅದನ್ನ ಬಿಡಿ. ಭುಜಕ್ಕೆ ಬೇರೆ ದಾರಿ ನೋಡೋಣ."

ರಕ್ತದ ವರದಿ ಬಂದಾಗ ಔಷಧದಂಗಡಿಯವಳ ಊಹೆಯೇ ಸರಿಯಾಗಿತ್ತು. ಮಾತ್ರೆ ಹಳೆಯ ಪದ್ಧತಿಗೆ ಮರಳಿತು: ಎದ್ದ ಕೂಡಲೇ ನೀರಿನ ಜೊತೆ, ಅದೊಂದೇ. ಬಿಳಿ ಔಷಧ ಉರಿ ಇದ್ದರೆ ಮಾತ್ರ, ಅದೂ ರಾತ್ರಿ ಊಟವಾದ ಮೇಲೆ. ಊಟ ಮುಗಿಸಿದ ತಕ್ಷಣ ಮಲಗುವುದು ನಿಂತಿತು. ಹುಳಿ ಮೇಲಕ್ಕೆ ಬಾರದಿರಲೆಂದು ಮಂಚದ ತಲೆಕಡೆಯ ಕಾಲುಗಳ ಕೆಳಗೆ ಗುಮ್ಮ ತಾನೇ ಕೊಯ್ದ ಮರದ ತುಂಡುಗಳು ಬಂದವು. ಕೆಲವು ವಾರಗಳಲ್ಲಿ ಎದೆ ಉರಿ ಮಾಯವಾಯಿತು. ತಂಗಿಯ ಮುಖದ ಊತ ಇಳಿಯುವುದಕ್ಕೆ ಅದಕ್ಕಿಂತ ಹೆಚ್ಚು ಕಾಲ ಹಿಡಿಯಿತು. ಅವಳ ಸಿಟ್ಟು ಇಳಿಯುವುದಕ್ಕೆ ಇನ್ನೂ ಹೆಚ್ಚು.

"ಬಾಟಲಿ ನೋಡಿ ನಿನಗೆ ಅನುಮಾನ ಬಂದಿದ್ದಲ್ಲ ಅಕ್ಕ," ಅಂದಳು ಒಮ್ಮೆ, ಯಾರದೋ ಕೂದಲು ಕತ್ತರಿಸುತ್ತಾ, ಕನ್ನಡಿಯಲ್ಲಿ ಅಕ್ಕನ ಮುಖ ನೋಡುತ್ತಾ. "ಅನುಮಾನ ಮೊದಲೇ ಇತ್ತು. ಬಾಟಲಿ ಆಮೇಲೆ ಸಿಕ್ತು."

"ಹೌದು," ಅಂದಳು ಅಕ್ಕ.

ಗುಮ್ಮನಂತೂ ಅವಳು ಬಂದಾಗಲೆಲ್ಲ ಏನಾದರೂ ಕೆಲಸದ ನೆಪ ತೆಗೆದು ಹೊರಗೆ ಹೋಗುತ್ತಿದ್ದ. ಒಂದು ಸಂಜೆ ಮಾತ್ರ ಹೋಗಲಿಲ್ಲ. ತಂಗಿ ಪಕ್ಕದ ಮನೆಯವಳ ಜೊತೆ ಬಾಗಿಲಲ್ಲಿ ನಿಂತು ಹರಟುತ್ತಿದ್ದಳು, ಮುಗಿಯುವ ಲಕ್ಷಣವಿರಲಿಲ್ಲ. ಅವನು ಬಂದು ಅಕ್ಕನ ಎದುರಿನ ಕುರ್ಚಿಯಲ್ಲಿ ಕೂತ.

"ನಿಮ್ಮ ಮೇಲೆ ನನಗೆ ಇನ್ನೂ ಸಿಟ್ಟಿದೆ ಅಕ್ಕ," ಅಂದ. ಅವನು ತಾನಾಗಿಯೇ ಅವಳೊಡನೆ ಮಾತು ತೆಗೆದದ್ದು ಅದೇ ಮೊದಲಿರಬೇಕು. "ಆದ್ರೆ ನೀವು ಹಾಗೆ ಅನ್ನದೇ ಇದ್ದಿದ್ರೆ ನಾನು ಇನ್ನೂ ಕುಡಿಸ್ತಾನೇ ಇರ್ತಿದ್ದೆ. ಎರಡೂ ಒಟ್ಟಿಗೆ ನೆನಪಾಗತ್ತೆ. ಏನು ಮಾಡ್ಲಿ ಹೇಳಿ?"

"ಸಿಟ್ಟು ಇರಲಿ," ಅಂದಳು ಅಕ್ಕ. "ಇರಬೇಕಾದ್ದೇ."

ಅವನು ತಲೆಯಾಡಿಸಿದ. ತಂಗಿ ಬಾಗಿಲಲ್ಲಿ ಗಹಗಹಿಸಿ ನಕ್ಕಳು. ಇಬ್ಬರೂ ಆ ಕಡೆ ತಿರುಗಿದರು.