ಒದ್ದವನ ಮಾತು

ಸಿರಸಿಯಲ್ಲಿ ನಾನು ಒದ್ದ ಚೆಂಡು ಸಿದ್ದಾಪುರದ ಮೇಲೆ ಹಾರಿಹೋದಾಗ, ಗ್ರಹಣ ಹಿಡಿಯಿತೆಂದು ಅಲ್ಲಿಯವರು ಮಾಡಿದ ಅನ್ನ ಚೆಲ್ಲಿ ಕೆರೆಗಿಳಿದರು. ಹನ್ನೆರಡು ವರ್ಷಗಳಲ್ಲಿ ಸಾವಿರದ ಒಂದು ಗೋಲು, ಅದೂ ಬರಿಗಾಲಲ್ಲಿ. ನಂಬದವರು ನನ್ನ ಹೆಬ್ಬೆರಳು ನೋಡಲಿ, ಬದನೆಕಾಯಿಯಷ್ಟಿದೆ.

ಮೂವತ್ತೆಂಟನೇ ಇಸವಿಯ ಬೇಸಿಗೆಯಲ್ಲಿ, ಯಲ್ಲಾಪುರದ ಮೈದಾನದಂಚಿನ ರಹಿಮತ್ಬಿಯ ಶರಬತ್ತಿನಂಗಡಿಯ ಮುಂದೆ ಕುಳಿತು ಸುತ್ತ ನೆರೆದವರಿಗೆ ಇದನ್ನೇ ಹೇಳುತ್ತಿದ್ದೆ. ಆಟ ಬಿಟ್ಟು ಮೂರು ವರ್ಷವಾಗಿತ್ತು, ಬಸ್ಸು ಓಡಿಸಿಕೊಂಡಿದ್ದೆ. ಆದರೂ ಆ ಸಂಜೆಯ ಕಪ್ಪಿನ ಪಂದ್ಯಕ್ಕೆ ಮೊದಲ ಒದೆ ಒದೆಯಲು ನನ್ನನ್ನೇ ಕರೆಸಿದ್ದರು. ಗೋಲುಕಂಬಗಳಿಗೆ ಮೊದಲ ಬಾರಿ ಬಲೆ ಬಂದಿತ್ತು. ನಾವು ಕುಳಿತಲ್ಲಿಂದ ಒಂದು ಮಾರು ದೂರದ ಕಂಬಕ್ಕೆ ಸೋಮ ಸುಣ್ಣದ ಕೈಯಲ್ಲೇ ಅದನ್ನು ಕಟ್ಟುತ್ತಿದ್ದ. ಒಂದು ಕಾಲಕ್ಕೆ ಅವನು ಯಲ್ಲಾಪುರದ ಗೋಲ್‌ಕೀಪರ್. ಏಳು ವರ್ಷಗಳಿಂದ ಗೆರೆಗೆ ಸುಣ್ಣ ಹಾಕುವುದಷ್ಟೇ ಅವನ ಆಟ.

"ಮೂವತ್ತೊಂದರ ಫೈನಲ್ ಹೇಳ್ರಿ ಮುಕ್ತಾರಣ್ಣ," ಎಂದರು ಕಪ್ಪಿನ ಕಮಿಟಿಯ ಶಿವಲಿಂಗಪ್ಪ.

ಬಲೆಯಿಲ್ಲದ ಆ ಕಾಲದಲ್ಲಿ ಚೆಂಡು ಒಳಗೋ ಹೊರಗೋ ಎಂದು ಸಂಶಯ ಬಂದರೆ ರೆಫರಿ ಒದ್ದವನನ್ನೇ ಕೇಳುತ್ತಿದ್ದ. ಒದ್ದವನ ಮಾತೇ ತೀರ್ಪು. ನಮ್ಮ ಮೂರು ತಾಲೂಕಿನ ರೂಢಿ ಅದು. ಆ ಫೈನಲ್‌ನಲ್ಲಿ ನಾನು ಗೋಲು ಎಂದಿದ್ದೆ. ಸೋಮ ಕಂಬ ತಬ್ಬಿಕೊಂಡು, ಹೊರಗೆ ಹೋಯಿತು ಎಂದು ಅತ್ತಿದ್ದ. ಬಿಟ್ಟ ಗೋಲು ಮುಚ್ಚಲು ಸುಳ್ಳು ಹೇಳುವವನೆಂದು ಅವನ ತಂಡದವರೇ ಅವನನ್ನು ಹೊರಗಟ್ಟಿದರು.

"ಒದೆ ಅಂದ್ರೆ ಒದೆ!" ಎಂದೆ. "ಅದರ ಗಾಳಿಗೇ ಮೂರು ಜನ ಬಿದ್ರು. ಚೆಂಡು ಬಂದು ರಹಿಮತ್ಬಿಯ ಶರಬತ್ತಿನ ಮಡಿಕೆ ಚೂರು ಚೂರು! ಬೇಕಾದ್ರೆ ಕೇಳಿ."

ಸಾಕ್ಷಿಗೆ ಅವಳನ್ನು ಕರೆದವನು ನಾನೇ.

"ಮಡಿಕೆ ಒಡೆದದ್ದು ಖರೆ ಭಾಯಿ," ಎಂದಳು ಲೋಟ ಒರೆಸುತ್ತ. "ಆದ್ರೆ ಅವತ್ತೂ ಮಡಿಕೆ ಇದೇ ಮಾವಿನ ಬುಡಕ್ಕೇ ಇತ್ತಲ್ಲ. ಗೋಲುಗೆರೆಯ ಸಾಲಿಗೇ, ಕಂಬದ ಹೊರಗಿನ ಪಕ್ಕ."

ಶಿವಲಿಂಗಪ್ಪ ಮರ ನೋಡಿದರು, ಕಂಬ ನೋಡಿದರು. "ಮತ್ತ ಒಳಗ ಹೋದ ಚೆಂಡು ಇಲ್ಲಿಗೆ ಹೆಂಗ ಬಂತ್ರಿ? ಅವತ್ತೇ ಯಾಕ ಹೇಳಲಿಲ್ಲ ನೀವು?"

"ಅವತ್ತು ನನ್ನ ಯಾರು ಕೇಳಿದ್ರು?" ಎಂದಳು ರಹಿಮತ್ಬಿ.

ಗಾಳಿಗೆ ತಿರುಗಿತು ಎನ್ನಬಹುದಿತ್ತು. ನಾಲಿಗೆಯ ತುದಿಗೆ ಬಂದೂ ಇತ್ತು. ಆದರೆ ಬಲೆಯ ಗಂಟಿನ ಮೇಲೆ ಸೋಮನ ಕೈ ನಿಂತುಬಿಟ್ಟಿತ್ತು. ಅವನು ನನ್ನತ್ತ ತಿರುಗಲಿಲ್ಲ.

"ಹೊರಗೆ ಹೋಗಿತ್ತು," ಎಂದೆ. "ಸೋಮ ಹೇಳಿದ್ದೇ ನಿಜ. ಒದ್ದ ಕೂಡ್ಲೇ ನಂಗೆ ಕಂಡಿತ್ತು. ಸಾವಿರದ ಒಂದೂ ಅಲ್ಲ, ನೂರಾ ಹನ್ನೆರಡು. ಅದ್ರಲ್ಲಿ ಇದೊಂದು ಕಳೀರಿ."

"ಈಗ ಎಂತಕ್ಕೆ ಹೇಳ್ತ್ರಿ, ಮುಕ್ತಾರಣ್ಣ?" ಎಂದ ಸೋಮ, ಬಲೆಯ ಕಡೆಗೇ ಮುಖಮಾಡಿ. "ನಂಗೆ ಈಗ ಹಾರೂಕೆ ಆಗೂದಿಲ್ಲ."

ಮೈದಾನದಲ್ಲಿ ರೆಫರಿ ಸೀಟಿ ಊದಿದ. ನನಗೆಂದು ತಂದಿಟ್ಟ ಹೊಸ ಚೆಂಡನ್ನು ಎತ್ತಿಕೊಂಡು ಹೋಗಿ ಅವನ ಕಾಲ ಬಳಿ ಇಟ್ಟೆ. ಮೊದಲ ಒದೆ ಅವನದಾಗಲಿ ಎಂದು. ಸೋಮ ಒದೆಯಲಿಲ್ಲ. ಬಗ್ಗಿ, ಎರಡೂ ಕೈಯಲ್ಲಿ ಚೆಂಡನ್ನು ಎತ್ತಿ ಎದೆಗೆ ಅವುಚಿಕೊಂಡ. ಆಮೇಲೆ ನನ್ನ ಕೈಗೆ ಮರಳಿ ಕೊಟ್ಟ. ಚರ್ಮದ ಮೇಲೆ ಅವನ ಹತ್ತೂ ಬೆರಳಿನ ಸುಣ್ಣ ಮೂಡಿತ್ತು.