ಪಾತ್ರೆ ನನ್ನದು, ಕೊಳವೆ ಅವನದು

ನನ್ನ ಹೆಂಡತಿ ತೀರಿಕೊಂಡ ಹದಿನಾಲ್ಕನೆಯ ತಿಂಗಳಿನ ಒಂದು ಬೆಳಗ್ಗೆ, ಕಪಾಟಿನ ಮೇಲಿನ ಅರೆಯಿಂದ ಆ ಕಾಫಿ ಪರ್ಕೋಲೇಟರನ್ನು ಇಳಿಸಿ, ಹಳೆಯ ಟವೆಲಿನಲ್ಲಿ ಸುತ್ತಿ, ಚೀಲಕ್ಕೆ ಹಾಕಿಕೊಂಡು ಅವಳ ತಮ್ಮನ ಮನೆಗೆ ಹೊರಟೆ. ಹನ್ನೆರಡು ವರ್ಷಗಳಿಂದ ನಾನು ಹತ್ತದೆ ಉಳಿದ ಮೆಟ್ಟಿಲುಗಳು ಅವು. ಅವಳನ್ನು ಮಣ್ಣಿಗೆ ಒಪ್ಪಿಸಿದ ದಿನ ಕೂಡ ನಾವಿಬ್ಬರೂ ಎದುರುಬದುರು ನಿಂತು, ಬಂದವರಿಗೆ ಬೇರೆಬೇರೆಯಾಗಿ ತಲೆಬಾಗಿ, ಒಬ್ಬರ ಮುಖ ಒಬ್ಬರು ನೋಡದೆ ಹಿಂದಿರುಗಿದ್ದೆವು.

ನಾನು ಮುದ್ರಣಾಲಯವೊಂದರಲ್ಲಿ ನಲವತ್ತು ವರ್ಷ ಕರಡು ತಿದ್ದಿದವನು. ಬೇರೆಯವರ ತಪ್ಪು ಹುಡುಕುವುದೇ ಉದ್ಯೋಗವಾದವನಿಗೆ ಮನೆಯಲ್ಲಿ ಒಂದು ಹುಚ್ಚು ಬೇಕಾಗುತ್ತದೆ. ನನ್ನದು ಹಳೆಯ ಎಲೆಕ್ಟ್ರಿಕ್ ಪರ್ಕೋಲೇಟರುಗಳು. ತಳದಲ್ಲಿ ನೀರು, ನಡುವೆ ನೆಟ್ಟಗೆ ಒಂದು ಕೊಳವೆ, ಕೊಳವೆಯ ಕುತ್ತಿಗೆಗೆ ತೂತುಗಳ ಬುಟ್ಟಿ, ಬುಟ್ಟಿಯಲ್ಲಿ ತರಿತರಿಯಾದ ಕಾಫಿಪುಡಿ. ತಳ ಕಾದರೆ ನೀರು ಕೊಳವೆಯೊಳಗೆ ಜಿಗಿದು, ಮುಚ್ಚಳದ ಗಾಜಿನ ಗುಬುಟಿಗೆ ತಲೆ ಬಡಿದು, ಪುಡಿಯ ಮೇಲೆ ಸುರಿದು, ಮತ್ತೆ ಕೆಳಗಿಳಿಯುತ್ತದೆ. ಅದು ಹೀಗೆ ಹತ್ತಿ ಇಳಿದು ಬಣ್ಣ ಪಡೆಯುವುದನ್ನು ಗುಬುಟಿಯಲ್ಲಿ ನೋಡುತ್ತ ಕೂರಬಹುದು. ಅದರ ಸದ್ದು ಬಾಯಿ ಮುಚ್ಚಿಕೊಂಡು ನಗುವವರ ಸದ್ದು.

ಮನೆಯಲ್ಲಿ ಮೂವತ್ತೊಂದು ಇದ್ದವು. ಕುದಿಯದೆ ಕೂತ ಪಾತ್ರೆ ಕೆಡುತ್ತದೆಂದು ದಿನಕ್ಕೊಂದರ ಸರದಿ ಇಟ್ಟಿದ್ದೆ. "ರೀ, ಇವತ್ತು ಯಾರ ಪಾಳಿ? ಉದ್ದಮೂಗಂದಾ, ಡೊಳ್ಳುಹೊಟ್ಟೆಯವಂದಾ?" ಎಂದು ಅವಳು ಅಡುಗೆಮನೆಯಿಂದಲೇ ಕೂಗುತ್ತಿದ್ದಳು. ನರ್ಸ್ ಆಗಿದ್ದವಳು, ಪಾತ್ರೆಗಳನ್ನೂ ವಾರ್ಡಿನ ರೋಗಿಗಳಂತೆಯೇ ಗದರಿಸುತ್ತಿದ್ದಳು.

ಪಾಳಿಯೇ ಬಾರದ ಪಾತ್ರೆ ಒಂದೇ ಒಂದು. ಅದನ್ನೇ ಈಗ ಹೊತ್ತು ನಡೆದಿದ್ದೆ.

ಮುಚ್ಚಿಹೋದ ವಸತಿಗೃಹವೊಂದರ ಸಾಮಾನು ಮಾರಾಟಕ್ಕೆ ನಾವು ಮೂವರೂ ಹೋಗಿದ್ದೆವು: ನಾನು, ಅವಳು, ಅವಳ ತಮ್ಮ. ಸುಟ್ಟ ಮೋಟಾರುಗಳಿಗೆ ತಾಮ್ರದ ಸುರುಳಿ ಸುತ್ತುವುದು ಅವನ ಕಸುಬು. ಆಳೂ ಸಣಕಲು, ಹಾಗಾಗಿ ಎಲ್ಲರ ಬಾಯಲ್ಲಿ "ತಂತಿ". ಪರ್ಕೋಲೇಟರಿನ ಹುಚ್ಚು ನನ್ನಿಂದಲೇ ಅವನಿಗೆ ಅಂಟಿತ್ತು. ಅಲ್ಲಿ ಒಂದು ಮೇಜಿನ ಮುಂದೆ ಅವಳು ಗಕ್ಕನೆ ನಿಂತಳು.

"ರೀ, ಇದು ನಮ್ಮ ಹಾಸ್ಟೆಲಿಂದು! ಇದೇ ಹಿಡಿ, ಇದೇ ಸೊಟ್ಟ ಮೂತಿ."

ನರ್ಸಿಂಗ್ ಕಲಿಯುತ್ತಿದ್ದಾಗ, ಅವಳ ಪಾಳಿಯಲ್ಲಿ ಮೊದಲ ಬಾರಿ ರೋಗಿಯೊಬ್ಬ ಸತ್ತ ದಿನ, ಮೇಟ್ರನ್ ಒಂದು ಮಾತೂ ಆಡದೆ ಅಂಥದೇ ಪಾತ್ರೆಯಿಂದ ಅವಳಿಗೆ ಕಾಫಿ ಬಗ್ಗಿಸಿ ಕೊಟ್ಟಿದ್ದರಂತೆ. "ಆ ಲೋಟ ಹಿಡ್ಕೊಂಡಾಗಲೇ ನಾನು ನರ್ಸ್ ಆಗಿದ್ದು" ಎನ್ನುತ್ತಿದ್ದಳು.

ಪಾತ್ರೆಯನ್ನು ನಾನು ಎತ್ತಿಕೊಂಡೆ. ಮುಚ್ಚಳ ತೆಗೆದರೆ ಒಳಗೆ ಬಟಾಬಯಲು. ಕೊಳವೆಯೂ ಇಲ್ಲ, ಬುಟ್ಟಿಯೂ ಇಲ್ಲ. ಅದೇ ಹೊತ್ತಿಗೆ ಆಚೆ ಮೇಜಿನಿಂದ ತಂತಿ, ಒಂದು ಕೊಳವೆ ಮತ್ತು ಬುಟ್ಟಿಯನ್ನು ಬಾವುಟದಂತೆ ಎತ್ತಿ ಹಿಡಿದು ಕೂಗಿದ: "ಭಾವಾ, ನೋಡಿಲ್ಲಿ!" ನನ್ನ ಪಾತ್ರೆಯ ಮೇಲೂ ಅವನ ಕೊಳವೆಯ ಮೇಲೂ ತಯಾರಕರ ಒಂದೇ ಮುದ್ರೆ, ಒಂದು ಗರಿ.

ಯಾವುದು ಯಾರ ಕೈಗೆ ಮೊದಲು ಸಿಕ್ಕಿತೋ ಅದು ಅವರದು ಎಂಬುದು ನಮ್ಮಿಬ್ಬರ ನಡುವಿನ ಕರಾರು. ಕೊಳವೆ ಕೊಡು ಎಂದು ನಾನು. ಪಾತ್ರೆ ಕೊಡಿ ಎಂದು ಅವನು. ಮೊದಲು ತಮಾಷೆ, ಆಮೇಲೆ ಚೌಕಾಸಿ, ಆಮೇಲೆ ಹಟ. "ಕೊನೇಪಕ್ಷ ಒಂದು ಸಲ ಅಳತೆನಾದ್ರೂ ತಗೋತೀನಿ, ಪಾತ್ರೆ ಕಳಿಸಿ" ಎಂದ. ಕಳಿಸಿದರೆ ವಾಪಸು ಬರುವುದಿಲ್ಲವೆಂದು ನನಗೆ ಗುಮಾನಿ. ಒಂದು ಭಾನುವಾರ ನೆಂಟರೆಲ್ಲ ಊಟಕ್ಕೆ ಕೂತಿದ್ದಾಗ ನನ್ನ ನಾಲಿಗೆ ಜಾರಿತು: "ಆ ಕೊಳವೇನ ಇಟ್ಕೊಂಡು ಏನು ಮಾಡ್ತೀಯೋ? ಕೊಳಲು ಅಂತ ಊದ್ಕೋ."

"ನಿಮ್ಮ ಪಾತ್ರೇಲಿ ನೀವು ಹೂವಿನ ಗಿಡ ನೆಡಿ" ಎಂದು ತಟ್ಟೆ ಬಿಟ್ಟು ಎದ್ದು ಹೋದ. ಅಲ್ಲಿಗೆ ಮಾತು ನಿಂತಿತು.

ಅಂದಿನಿಂದ ಅವಳು ವಾರಕ್ಕೊಮ್ಮೆ ಒಬ್ಬಳೇ ತಮ್ಮನ ಮನೆಗೆ ಹೋಗಿಬರುತ್ತಿದ್ದಳು. "ನಿಮ್ಮಿಬ್ರಲ್ಲಿ ಒಬ್ರು ಸತ್ರೆ ತಾನೆ ನಂಗೆ ಆ ಕಾಫಿ? ಬೇಗ ತೀರ್ಮಾನ ಮಾಡ್ಕೊಳ್ಳಿ" ಎಂದು ನಗುತ್ತಿದ್ದಳು. ನಾನೂ ನಗುತ್ತಿದ್ದೆ. ಅವಳೇ ಮೊದಲು ಹೋಗಬಹುದೆಂದು ಇಬ್ಬರಿಗೂ ಹೊಳೆದಿರಲಿಲ್ಲ.

ಆಸ್ಪತ್ರೆಯ ಹಾಸಿಗೆಯಲ್ಲಿ ಒಮ್ಮೆ, ಒಮ್ಮೆ ಮಾತ್ರ, ಕೇಳಿದಳು: "ಅವನಿಗೊಂದು ಫೋನ್ ಮಾಡ್ತೀರಾ? ಆ ಕಾಫಿ ಒಂದು ಗುಟುಕು ಕುಡೀಬೇಕು ಅನ್ನಿಸ್ತಿದೆ."

"ಅವನೇ ಮಾಡ್ಲಿ ಮೊದಲು" ಎಂದೆ. ಅವಳು ಕಿಟಕಿಯ ಕಡೆ ಹೊರಳಿದಳು. ನಾನು ಜೀವಮಾನವೆಲ್ಲ ತಿದ್ದಿದ ಸಾವಿರಾರು ಪುಟಗಳಲ್ಲಿ ಈ ಮೂರು ಪದಗಳಷ್ಟು ಕೆಟ್ಟ ಸಾಲು ಯಾರೂ ಬರೆದಿರಲಿಲ್ಲ. ಅದನ್ನು ತಿದ್ದಲು ನನಗೆ ಹನ್ನೊಂದು ದಿನಗಳಿದ್ದವು. ತಿದ್ದಲಿಲ್ಲ.

ತಂತಿಯ ಅಂಗಡಿ ಕೆಳಗೆ, ಮನೆ ಮೇಲೆ. ಮೆಟ್ಟಿಲಿನುದ್ದಕ್ಕೂ ವಾರ್ನಿಷಿನ ವಾಸನೆ. ಬಾಗಿಲು ತೆರೆದವನು ನನ್ನ ಮುಖ ನೋಡಿದ, ಚೀಲ ನೋಡಿದ.

"ಹೂವಿನ ಗಿಡ ಒಣಗೋಯ್ತಾ, ಭಾವ?"

"ಒಳಗೆ ಬಿಡ್ತೀಯೋ, ಇಲ್ಲೇ ನಿಂತು ಬೈಸಿಕೊಳ್ಳಲೋ?"

"ಬನ್ನಿ. ಕೂತ್ಕೊಂಡೇ ಬೈಸ್ಕೊಳ್ಳಿ. ಮಂಡಿ ನೋವು ಅಂತ ಅಕ್ಕ ಹೇಳ್ತಿದ್ಲು."

ಅವನ ಕೈಗಳು ನಡುಗುತ್ತಿದ್ದವು. ಸುರುಳಿ ಸುತ್ತುವುದನ್ನು ಬಿಟ್ಟು ಎರಡು ವರ್ಷವಾಯಿತೆಂದ. ಅದನ್ನೂ ಅವಳು ನನಗೆ ಹೇಳಿದ್ದಿರಬೇಕು; ನಾನು ಕಿವಿಗೆ ಹಾಕಿಕೊಂಡಿರಲಿಲ್ಲ. ಟವೆಲು ಬಿಚ್ಚಿ ಪಾತ್ರೆಯನ್ನು ಮೇಜಿನ ಮೇಲಿಟ್ಟು, ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳನ್ನು ಮರೆತು, "ಇದು ನಿನ್ನದೇ. ಒಂದು ಸಲ ಅವಳ ಹೆಸರಲ್ಲಿ ಕಾಫಿ ಮಾಡೋಣ. ಅಷ್ಟೇ" ಎಂದೆ.

ಅವನು ಒಳಗೆ ಹೋಗಿ, ಸುರುಳಿ ಸುತ್ತುವ ಕಾಗದದಲ್ಲಿ ಅಚ್ಚುಕಟ್ಟಾಗಿ ಮಡಿಸಿಟ್ಟ ಕೊಳವೆ, ಬುಟ್ಟಿಗಳನ್ನು ತಂದ. ತಾನೇ ಇಳಿಸಲು ಹೋದ. ಕೈ ನಡುಗಿ ಕೊಳವೆ ಪಾತ್ರೆಯ ಅಂಚಿಗೆ ಬಡಿಯಿತು. ನಾನು ಇಸಿದುಕೊಂಡು ಇಳಿಸಿದೆ. ತಳದ ಗುಳಿಯಲ್ಲಿ ಸರಿಯಾಗಿ ಕೂತಿತು. ಬುಟ್ಟಿಯೂ ಕೂತಿತು. ಮುಚ್ಚಳ ಹಾಕಿದೆ.

ಮುಚ್ಚಳ ಕೂರಲಿಲ್ಲ. ಕೊಳವೆಯ ತುದಿ ಗಾಜಿನ ಗುಬುಟಿಯನ್ನು ಒತ್ತಿ ಹಿಡಿದಿತ್ತು. ಮುಚ್ಚಳಕ್ಕೂ ಅಂಚಿಗೂ ನಡುವೆ ಅರ್ಧ ಬೆರಳು ಬೆಳಕು.

ತಿರುಗಿಸಿದೆ, ಒತ್ತಿದೆ. ತಂತಿ ಭೂತಗನ್ನಡಿ ತಂದು ಎರಡೂ ಮುದ್ರೆಗಳನ್ನು ಬಹಳ ಹೊತ್ತು ನೋಡಿದ.

"ಗರಿ ಒಂದೇ, ಭಾವ. ಗರಿ ಕೆಳಗೆ ಸಣ್ಣ ಅಂಕಿ ಇದೆ. ನಿಮ್ಮದು ಎಂಟು ಕಪ್ಪಿಂದು. ನಂದು ಹತ್ತು."

ಕರಡು ತಿದ್ದುವವನ ಕಣ್ಣಿಗೆ ಹನ್ನೆರಡು ವರ್ಷ ಬೀಳದ ಅಂಕಿ.

"ಒಂದು ಸಲ ನೀನು ಅಳತೆ ಕೇಳಿದ್ದರೆ..." ಎಂದೆ.

"ಕೇಳಿದ್ದೆ."

ಹೌದು, ಕೇಳಿದ್ದ. ನಾವಿಬ್ಬರೂ ಆ ಅರ್ಧ ಬೆರಳಿನ ಬೆಳಕನ್ನೇ ನೋಡುತ್ತ ಕೂತಿದ್ದೆವು. ಎಂದೂ ಜೋಡಿಯಲ್ಲದ ಎರಡು ತುಂಡುಗಳನ್ನು ಕಾಯುತ್ತ ಅವಳನ್ನು ಕಳುಹಿಸಿಕೊಟ್ಟಿದ್ದೆವು.

ತಂತಿ ಕೆಳಗಿಳಿದು ಹೋಗಿ ಲೋಹ ಕೊಯ್ಯುವ ಗರಗಸ, ಒಂದು ಅರ ತಂದ.

"ಬೇಡ" ಎಂದೆ ಅಭ್ಯಾಸಬಲದಿಂದ. ಹಳೆಯ ವಸ್ತುವಿಗೆ ಗರಗಸ ಮುಟ್ಟಿಸುವುದು ನಮ್ಮಂಥ ಸಂಗ್ರಾಹಕರಲ್ಲಿ ಮಹಾಪರಾಧ.

"ಅಕ್ಕ ಇದ್ದಿದ್ರೆ ಏನಂತಿದ್ಲು?"

"ಅವಳು ಇದ್ದಿದ್ದರೆ ಗರಗಸ ಅವಳ ಕೈಯಲ್ಲೇ ಇರ್ತಿತ್ತು."

"ಹಾಗಾದ್ರೆ ಕೊಯ್ರಿ. ನಾನು ಹಿಡ್ಕೊಂಡಿರ್ತೀನಿ, ಎರಡೂ ಕೈಯಲ್ಲಿ."

ಕೆಂಪು ಶಾಯಿಯ ಲೇಖನಿಗಿಂತ ಭಾರವಾದ ಉಪಕರಣ ಹಿಡಿದವನಲ್ಲ ನಾನು. ಅವನ ಕೈಯ ನಡುಕಕ್ಕೆ ನನ್ನ ಗರಗಸದ ಅಳುಕು ಸೇರಿ, ಕೊಳವೆ ಕಿರುಗುಟ್ಟಿತು. "ಮೆಲ್ಲಗೆ ಮಾರಾಯ್ರೇ, ಮರ ಅಲ್ಲ ಅದು" ಎಂದು ಅವನು. "ನೀನು ಕುಣೀಬೇಡ" ಎಂದು ನಾನು. ಒಂದು ಉಂಗುರದಷ್ಟು ತುಂಡು ಮೇಜಿನ ಮೇಲೆ ಬಿದ್ದು ಉರುಳಿತು. ಅಂಚನ್ನು ಅರದಿಂದ ಉಜ್ಜಿ, ತೊಳೆದು, ಕೂರಿಸಿ, ಮುಚ್ಚಳ ಹಾಕಿದೆ. ಸದ್ದಿಲ್ಲದೆ ಕೂತಿತು. ಗಡಿಯಾರ ನೋಡಿದೆ: ಆರು ನಿಮಿಷ. ಅವಳ ಹನ್ನೊಂದು ದಿನಗಳಲ್ಲಿ ಇಂಥ ಆರು ನಿಮಿಷಗಳು ಎಷ್ಟು ಬಂದು ಹೋದವೆಂದು ಲೆಕ್ಕ ಹಾಕಲು ಹೊರಟು, ಅರ್ಧಕ್ಕೇ ಬಿಟ್ಟೆ.

ತಂತಿ ಮೀಟರಿನಿಂದ ತಳದ ಹೀಟರನ್ನು ಪರೀಕ್ಷಿಸಿ, ನನ್ನ ಕೈಯಿಂದ ಹಳೆಯ ವೈರನ್ನು ತೆಗೆಸಿ ಬೇರೆ ಹಾಕಿಸಿದ. ನೀರು, ಪುಡಿ, ಸ್ವಿಚ್ಚು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಗುಬುಟಿಯಲ್ಲಿ ಒಂದು ಹನಿ ಎಗರಿತು, ಮತ್ತೊಂದು. ಮೊದಲು ನೀರು, ಮೆಲ್ಲಗೆ ಹೊಂಬಣ್ಣ, ಆಮೇಲೆ ಕಂದು. ಇಬ್ಬರೂ ಬಗ್ಗಿ ನೋಡಿದೆವು.

ಲೋಟಗಳಿಗೆ ಬಗ್ಗಿಸಿದೆ. ಕುಡಿದೆವು.

"ಹೇಗಿದೆ?" ಎಂದ.

"ಕಾಫಿ ಹಾಗಿದೆ."

"ಅಕ್ಕ ಹೇಳ್ತಿದ್ದ ರುಚಿ ಇದೇನಾ?"

ನನಗೆ ಗೊತ್ತಿರಲಿಲ್ಲ. ಅವನಿಗೂ ಗೊತ್ತಿರಲಿಲ್ಲ. ಇದೇ ಹೌದು, ಅಥವಾ ಅಲ್ಲವೇ ಅಲ್ಲ ಎಂದು ಹೇಳಬಲ್ಲ ನಾಲಿಗೆ ಒಂದೇ ಇತ್ತು.

ಲೋಟ ಬರಿದಾದ ಮೇಲೆ ನಾನು ಎದ್ದೆ. "ಪಾತ್ರೆ ಇಲ್ಲೇ ಇರಲಿ."

"ಊಹೂಂ. ಕೊಳವೆ ಸಮೇತ ನೀವೇ ತಗೊಂಡು ಹೋಗಿ."

"ನಿನಗೇ ಅಂತ ತಂದದ್ದು."

"ನನ್ನ ಮನೇಲಿ ಇದು ಬೇಡ ಭಾವ. ದಿನಾ ಕಣ್ಣಿಗೆ ಬೀಳುತ್ತೆ."

"ನನ್ನ ಕಣ್ಣಿಗೆ ಬೀಳಲ್ವೇನೋ?"

ದನಿ ಏರಿತು, ಇಬ್ಬರದೂ. ಹಳೆಯ ಹಟವೇ, ಈ ಸಲ ತಿರುಗುಮುರುಗಾಗಿ. ನಾನು ಟವೆಲು ಎತ್ತಿಕೊಂಡು ಪಾತ್ರೆಯನ್ನು ಅವನ ಕಡೆ ಸರಿಸಲು ಹೋದೆ. ಬಿಸಿ ಚುರುಕ್ಕೆಂದು ಕೈ ಹಿಂದೆಗೆದೆ.

"ಆರಲಿ ಬಿಡಿ. ಕೂತ್ಕೊಳ್ಳಿ" ಎಂದ ತಂತಿ, ಕುರ್ಚಿ ಎಳೆಯುತ್ತ.

ಕೂತೆ.